ಎಡಮಗ್ಗುಲು

“ಕೈಕಾಲು ತಣ್ಣಗಿದ್ದದ್ದೇನು ಹೊಸದಾ? ಅದುಕ್ಕೇ ನಂಗೆ ಗೊತ್ತಾಗ್ನಿಲ್ಲ ಕಣಮ್ಮಿ. ಬೆಳಿಗ್ಗೆ ಒಲೆ ಮುಂದೆ ಬಟ್ಟೆ ಕಾಸಿ ಕಾಲಿಗೆ ಸುತ್ದೆ. ಬಿಸಿ ಆರೋಯ್ತಲ್ಲ ಅಂತ ಇನ್ನೊಂದ್ ಸಲ ಕಾಸಿ ಸುತ್ದೆ. ಕಾಪಿ ತಂದು ಅಲ್ಲಾಡ್ಸುದ್ರೆ...”

ಪುಟ್ಟಲಕ್ಷ್ಮಮ್ಮ ಅಲ್ಲಿಗೆ ನಿಲ್ಲಿಸಿ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಬೆಳಗಿನಿಂದ ಬಂದ ಹೆಂಗಸರಿಗೆಲ್ಲ ಇದನ್ನೇ ಹೇಳುತ್ತಿದ್ದಳು, ಇಲ್ಲಿಗೇ ನಿಲ್ಲಿಸುತ್ತಿದ್ದಳು. ಅವಳ ಗಂಡ ಜವರಯ್ಯನನ್ನು ಜಗಲಿಯ ಮೇಲೆ ಗೋಡೆಗೆ ಒರಗಿಸಿ ಕೂರಿಸಿದ್ದರು. ತಲೆಗೆ ವಲ್ಲಿ ಸುತ್ತಿ, ಕೊರಳಿಗೆ ಚೆಂಡುಹೂವಿನ ಹಾರ ಹಾಕಿದ್ದರು. ಆಲೆಮನೆಯಲ್ಲಿ ಪಾಕ ಕಾಯುತ್ತ ಸ್ವಲ್ಪ ತೂಕಡಿಸಿದಾಗ ಹೇಗಿರುತ್ತಿದ್ದನೋ ಹಾಗೇ ಇದ್ದ.

ದ್ಯಾವಮ್ಮ ಚಪ್ಪರದ ಕೆಳಗೆ ಕಾಲಿಟ್ಟದ್ದು ಆಗಲೇ. ಕೆ.ಆರ್. ಪೇಟೆ ಕಡೆಯ ಊರಿಂದ ಎರಡು ಬಸ್ಸು ಬದಲಾಯಿಸಿ ಕ್ಯಾತನಹಳ್ಳಿಗೆ ಬಂದಿದ್ದಳು. ಸತ್ತವನ ಒಬ್ಬಳೇ ತಂಗಿ. ತವರಿನ ಹೊಸ್ತಿಲು ತುಳಿದು ಏಳೆಂಟು ವರ್ಷವಾಗಿತ್ತು ಅನ್ನುವುದು ಅಲ್ಲಿದ್ದವರಿಗೆಲ್ಲ ಗೊತ್ತು. ಹೆಂಗಸರು ಮಾತು ನಿಲ್ಲಿಸಿ ದಾರಿ ಬಿಟ್ಟರು. ಅಣ್ಣನ ಮುಖವನ್ನೇ ನೋಡುತ್ತ ನೇರವಾಗಿ ನಡೆದಳು. ಜಗಲಿಯ ಹತ್ತಿರ ಎಡಗಾಲು ಹಿತ್ತಾಳೆ ಬಿಂದಿಗೆಗೆ ತಗುಲಿತು. ಬಿಂದಿಗೆ ಉರುಳಿ, ನೀರೆಲ್ಲ ಚೆಲ್ಲಿ, ಕೂತಿದ್ದವರ ಸೀರೆ ನೆನೆಯಿತು.

“ದುಃಖದಲ್ಲಿ ಕಣ್ಣೇ ಕಾಣಾಕಿಲ್ಲ, ಪಾಪ,” ಎಂದು ಪಕ್ಕದ ಮನೆಯ ಜಯಲಕ್ಷ್ಮಮ್ಮ ಬಿಂದಿಗೆ ಎತ್ತಿಟ್ಟಳು.

ದುಃಖ ಇದ್ದದ್ದು ನಿಜ. ಆದರೆ ಬಿಂದಿಗೆ ಕಾಣದೆ ಹೋದದ್ದು ದುಃಖಕ್ಕಲ್ಲ. ಈಚೆಗೆ ದ್ಯಾವಮ್ಮನಿಗೆ ಎಡಗಡೆಯಿಂದ ಬರುವುದೆಲ್ಲ ಇದ್ದಕ್ಕಿದ್ದಂತೆ ಬಂದು ಮೈಮೇಲೆ ಬೀಳುತ್ತಿತ್ತು. ಕರುವಿನ ಕೊಂಬು, ಬಾಗಿಲ ಚೌಕಟ್ಟು, ಡೇರಿಗೆ ಹಾಲು ಒಯ್ಯುವಾಗ ಸೈಕಲ್ಲು. ಎದುರಿಗಿನದು ಚೆನ್ನಾಗಿಯೇ ಕಾಣುತ್ತಿತ್ತು, ಸೂಜಿಗೆ ದಾರ ಕೂಡ ಪೋಣಿಸುತ್ತಿದ್ದಳು. ಮಗ ಸಿದ್ದರಾಜು, “ಕಣ್ಣು ತೋರುಸ್ಕಂಡ್ ಬರಾನ ಬಾರವ್ವ,” ಅಂದಾಗಲೆಲ್ಲ, “ನಂಗೇನಾಗದೆ ಧಾಡಿ?” ಎಂದು ಬಾಯಿ ಮುಚ್ಚಿಸಿದ್ದಳು. ಡಾಕ್ಟರ ಹತ್ತಿರ ಹೋಗಿ ಏನಾಗಬೇಕು? ಇದು ಎಲ್ಲಿಂದ ಬಂತು ಅನ್ನುವುದು ತನಗೆ ಗೊತ್ತಿದೆ ಎಂದುಕೊಂಡಿದ್ದಳು. ತಾನು ಅಣ್ಣನಿಗೆ ಹಾಕಿದ ಶಾಪ ಮೊದಲು ಅವನ ಕಣ್ಣು ತಿಂದಿತು, ಈಗ ತಿರುಗಿ ತನ್ನ ಹತ್ತಿರ ಬಂದಿದೆ. ಅದನ್ನು ಯಾರ ಮುಂದೆ ಹೇಳುವುದು?

ಜಗಲಿಯ ಅಂಚು ಹಿಡಿದು ಅಣ್ಣನ ಪಾದ ಮುಟ್ಟಿದಳು. ಪುಟ್ಟಲಕ್ಷ್ಮಮ್ಮ ನಾದಿನಿಯನ್ನು ನೋಡಿದಳು.

“ಬಂದೇನವ್ವ,” ಎಂದಳು ಅತ್ತಿಗೆ. “ಕೂತ್ಕೊ. ನಾಗಮಂಗಲದಿಂದ ನಮ್ಮಣ್ಣನೋರು ಬರ್ಬೇಕು, ಇನ್ನೂ ಒತ್ತಾಯ್ತದೆ.”

*

ದ್ಯಾವಮ್ಮನ ಮಗಳು ರಂಜಿತಳ ಮದುವೆ ಕೆ.ಆರ್. ಪೇಟೆಯ ಛತ್ರದಲ್ಲಿ ನಡೆದಿತ್ತು. ಅವರಲ್ಲಿ ಧಾರೆಗೆ ಮುಂಚೆ ಹುಡುಗಿಯ ಸೋದರಮಾವನಿಗೆ ಮೊದಲ ವೀಳ್ಯ ಹೋಗಬೇಕು. ಅದು ಆದಮೇಲೇ ಉಳಿದವರದು. ಆ ವೀಳ್ಯವನ್ನು ಬೇರೆಯವರ ಕೈಯಲ್ಲಿ ಕೊಡಿಸದೆ ತಾನೇ ಕೊಡಬೇಕೆಂದು ದ್ಯಾವಮ್ಮನಿಗೆ ಆಸೆ. ಎಲೆ, ಗೋಟಡಿಕೆ, ತೆಂಗಿನಕಾಯಿ ಇಟ್ಟ ತಟ್ಟೆ ಹಿಡಿದುಕೊಂಡು, ಅಣ್ಣ ಬರುವ ದಾರಿಯ ಎಡಮಗ್ಗುಲಲ್ಲಿ ಕಂಬದ ಪಕ್ಕ ನಿಂತಳು. ವಾಲಗ ಜೋರಾಗಿತ್ತು. “ಅಣ್ಣ, ತಗೊ,” ಅಂದದ್ದು ಅವಳ ಕಿವಿಗೇ ಕೇಳಿಸಲಿಲ್ಲ.

ಜವರಯ್ಯ ಬಂದ. ಹೊಸ ಪಂಚೆ, ಗರಿಗರಿ ಶಲ್ಯ. ಮುಂದೆ ಹಸೆಮಣೆಯ ಕಡೆ ನೋಡುತ್ತ, ಆ ತಟ್ಟೆಯನ್ನು ಭುಜದಿಂದ ಸವರಿಕೊಂಡು ಮುಂದಕ್ಕೆ ಹೋದ. ತಿರುಗಿ ಕೂಡ ನೋಡಲಿಲ್ಲ. ತಟ್ಟೆ ಓಲಾಡಿ ಅಡಿಕೆ ಚೆಲ್ಲಾಪಿಲ್ಲಿಯಾಯಿತು.

ಬೀಗಿತ್ತಿ ಅಲ್ಲೇ ನಿಂತಿದ್ದಳು. “ನಿಮ್ಮಣ್ಣಂಗೆ ನಿಮ್ ವೀಳ್ಯ ಬ್ಯಾಡ್ವಂತೆ ಕನ್ರವ್ವ,” ಎಂದು ನಕ್ಕಳು. ಸುತ್ತ ಇದ್ದವರೂ ನಕ್ಕರು.

ದ್ಯಾವಮ್ಮ ಅಡಿಗೆಯವರ ಕಡೆಗೆ ಹೋಗಿ, ಕೊಪ್ಪರಿಗೆ ತೊಳೆಯುತ್ತಿದ್ದ ಹೆಂಗಸರ ಮಧ್ಯೆ ನಿಂತು, ತಟ್ಟೆಯನ್ನು ನೆಲಕ್ಕೆ ಕುಕ್ಕಿದಳು. “ಕಂಡೂ ಕಾಣ್ದಂಗೋದ ಕಣ್ಣು ಕಾಣ್ದಂಗೇ ಓಗ್ಲಿ,” ಎಂದಳು. ಹೆಂಗಸರು ಬಿಟ್ಟಬಾಯಿ ಬಿಟ್ಟುಕೊಂಡು ನೋಡಿದರು. ಒಬ್ಬಳು, “ಒಳ್ಳೇ ದಿವ್ಸ ಅಂಗನ್ಬ್ಯಾಡಿ,” ಎಂದಳು. ಅಷ್ಟರಲ್ಲಿ ಆಡಿ ಆಗಿತ್ತು.

ಊಟಕ್ಕೂ ನಿಲ್ಲದೆ ಜವರಯ್ಯ ಹೊರಟುಹೋದನೆಂದು ಆಮೇಲೆ ಕೇಳಿದಳು. ಆ ವರ್ಷ ಗೌರಿಹಬ್ಬಕ್ಕೆ ಅಣ್ಣ ಕಳಿಸಿದ ಬಾಗಿನವನ್ನು ತಂದವನ ಕೈಯಲ್ಲೇ ವಾಪಸು ಕಳಿಸಿದಳು.

*

ಚಪ್ಪರದ ಮೂಲೆಯಲ್ಲಿ ಗಂಡಸರು ಬೀಡಿ ಸೇದುತ್ತ ಕೂತಿದ್ದರು. ಜವರಯ್ಯನ ಜೊತೆಗಾರ ನಂಜಪ್ಪನಿಗೆ ಸಾವಿನ ಮನೆಯಲ್ಲೂ ಸುಮ್ಮನಿರಲು ಬಾರದು.

“ಕೊಪ್ಪರಿಗೆ ಮುಂದೆ ನಿಂತ್ರೆ ನಮ್ಗೆಲ್ಲ ಮೈ ಸುಟ್ಟೋಗದು. ಇವ್ನ ಕೈ ಮುಟ್ಟುದ್ರೆ ಮಾತ್ರ ಬಾವಿ ಹಗ್ಗ ಮುಟ್ದಂಗೆ. ಪಾಕ ನೋಡೋನ ಕೈ ತಣ್ಣಗಿದ್ರೆ ಬೆಲ್ಲ ಚಂದಾಗಿ ಬತ್ತದೆ ಅಂತ ನಾನೇ ಎಲ್ಲರ್ಗೂ ಸುಳ್ಳೇಳಿದ್ದೆ. ಪಾಲಹಳ್ಳಿಯೋರು ನಂಬ್ಕಂಡು ಕರ್ಕಂಡೋಯ್ತಿದ್ರು.”

“ಅಪ್ಪನ ಕಣ್ಣು ಹೋಗಿದ್ದಕ್ಕೂ ಅದೇ ಕಾರಣ ದೊಡ್ಡಪ್ಪ,” ಎಂದ ಜವರಯ್ಯನ ಮಗ ರಘುನಂದನ್. ಶ್ರೀರಂಗಪಟ್ಟಣದ ಹೈಸ್ಕೂಲಿನಲ್ಲಿ ಡ್ರಿಲ್ ಮೇಷ್ಟ್ರು. ಅಳುವುದನ್ನು ತಡೆಯಲು ಬೆಳಗಿನಿಂದ ಏನಾದರೊಂದು ಮಾತಾಡುತ್ತಲೇ ಇದ್ದ.

“ಏನ್ಲಾ ಅದು? ಕೈ ತಣ್ಣಗಾದ್ರೆ ಕಣ್ಣೋದದಾ?”

ದ್ಯಾವಮ್ಮ ಕಂಬಕ್ಕೆ ಒರಗಿ ಕೂತಿದ್ದವಳು ಕಿವಿ ಅತ್ತ ಕೊಟ್ಟಳು.

“ಮೊದ್ಲು ಕಣ್ಣಿನ ಕ್ಯಾಂಪಲ್ಲಿ ನೋಡಿ, ಕಣ್ಣಿನ ಪ್ರೆಶರ್ ನಾರ್ಮಲ್ ಅದೆ, ಏನೂ ಇಲ್ಲ ಹೋಗಿ ಅಂದಿದ್ರು. ಬೋರ್ಡಲ್ಲಿರೋ ಅಕ್ಷರಾನೆಲ್ಲ ಓದ್ಬುಡೋರಲ್ಲ ಅಪ್ಪ. ಆಮೇಲೆ, ಮೂರ್ ವರ್ಷದ ಹಿಂದೆ ಒಂದಿನ ಪಾಂಡವಪುರ ಬಸ್ ಸ್ಟ್ಯಾಂಡಲ್ಲಿ ಮಗ್ಗುಲಿಗೆ ಬಂದ ಟ್ರಾಕ್ಟರು ಕಾಣ್ದೆ ಚಕ್ರಕ್ಕೆ ಸಿಕ್ಕೊಳೋದ್ರಲ್ಲಿದ್ರು. ಮೈಸೂರಿಗೆ ಕರ್ಕಂಡೋದೆ. ಅಲ್ಲಿ ಡಾಕ್ಟ್ರು ಕಣ್ಣು ನೋಡೋಕ್ ಮುಂಚೆ ಕೈ ಹಿಡ್ಕಂಡ್ರು.”

“ಗಿಣಿಶಾಸ್ತ್ರದೋನಿರ್ಬೇಕು ಬುಡು.”

“ಕೇಳಿ ದೊಡ್ಡಪ್ಪ. ಯಾವಾಗ್ಲೂ ಇಷ್ಟು ತಣ್ಣಗಿರ್ತವಾ, ತಲೆನೋವು ಬತ್ತದಾ, ಎದ್ದಾಗ ಕಣ್ಣು ಕತ್ಲೆ ಕಟ್ತದಾ ಅಂತೆಲ್ಲ ಕೇಳುದ್ರು. ಎಲ್ಲಾದಕ್ಕೂ ಹೂಂ ಅಂದ್ರು ಅಪ್ಪ. ಒಂದ್ ಕಣ್ಣು ಮುಚ್ಕಂಡು ನನ್ ಮೂಗೇ ನೋಡಿ ಅಂದು, ಡಾಕ್ಟ್ರು ಮಗ್ಗುಲಿಂದ ಬೆರಳು ಅಲ್ಲಾಡುಸ್ಕಂಡು ಬಂದ್ರು. ಬೆರಳು ಮುಖದ ಹತ್ರ ಬರೋಗಂಟ ಅಪ್ಪಂಗೆ ಕಾಣ್ನಿಲ್ಲ. ಆಮೇಲೆ ಮಿಷನ್ನಲ್ಲೂ ನೋಡುದ್ರು. ಗ್ಲಾಕೋಮ ಅಂದ್ರು.”

“ಅದು ಕಣ್ಣೊಳಗೆ ಪ್ರೆಶರ್ ಜಾಸ್ತಿ ಆಗಿ ಬರೋದಲ್ವಾ? ನಮ್ಮ ಭಾವಮೈದಂಗೆ ಅಂಗೇ ಬಂತು.”

“ಜಾಸ್ತಿ ಇಲ್ದೇನೂ ಬತ್ತದಂತೆ. ಚಳಿಗೆ, ಚಿಂತೆಗೆ, ರಕ್ತನಾಳ ಬಿಗಿಯಾಗು ಅಂತ ನರ ಹೇಳ್ತದಂತೆ. ಎಲ್ಲರ ಮೈಯಲ್ಲೂ ಹೇಳ್ತದೆ, ಕೆಲವ್ರಿಗೆ ವಸಿ ಜಾಸ್ತಿ. ಅದುಕ್ಕೇ ಕೈಕಾಲು ತಣ್ಣಗೆ. ಬೆರಳೇನೋ ತಡ್ಕತದೆ. ಕಣ್ಣಿನ ಹಿಂದೆ ಮೆದುಳಿಗೆ ಹೋಗೋ ನರ ಅದಲ್ಲ, ಅದು ರಕ್ತ ಕಮ್ಮಿ ಆದ್ರೆ ತಡ್ಯಾಕಿಲ್ಲ, ನಿಧಾನಕ್ಕೆ ಒಣುಗ್ತದೆ. ಅಪ್ಪಂಗೆ ಬೀಪಿ ಮೊದ್ಲೇ ಕಮ್ಮಿ, ರಾತ್ರಿ ಮಲಗ್ದಾಗ ಇನ್ನೂ ಇಳಿಯೋದು. ಪೂರ್ತಿ ಯಾರ್ಗೂ ಗೊತ್ತಾಗಿಲ್ಲ, ಇಂಗಿರ್ಬೋದು ಅಂತ ಈಗೀಗ ತಿಳೀತಾ ಅದೆ ಅಂದ್ರು.”

ನಂಜಪ್ಪ ಬೀಡಿ ಆರಿಸಿ ಕಿವಿಗೆ ಸಿಕ್ಕಿಸಿಕೊಂಡ. “ನಾಲೇಲೇನೋ ನೀರದೆ. ಕಡೇ ಗದ್ದೆ ತೂಬು ಕಟ್ಕಂಡದೆ. ಅಂಗಾ?”

“ಅಂಗೇ ಅಂದ್ಕೊಳಿ.”

“ಕಡೇ ಗದ್ದೆಯೋನು ಬಾಯಿ ಬಡ್ಕಂಡ್ರೂ ಮೇಲಿನೋರ್ಗೆ ಕೇಳಾಕಿಲ್ಲ ಬುಡು. ನಂಗೊತ್ತು, ನಂದೂ ಕಡೇ ಗದ್ದೆಯೇ.”

ಕೇಳಬೇಕೋ ಬೇಡವೋ ಎಂದು ದ್ಯಾವಮ್ಮ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿ ಬಿಚ್ಚಿದಳು.

“ರಘು, ಅದು ಯಾವಾಗಿಂದ ಶುರುವಾಗಿತ್ತು ಅಂತ ಏನಾರ ಅಂದ್ರೇನಪ್ಪ?”

ರಘು ಅತ್ತೆಯ ಕಡೆ ತಿರುಗಿದ. ಬಂದಾಗಿನಿಂದ ಅವಳು ಆಡಿದ ಮೊದಲ ಮಾತು. “ಆಗ್ಲೇ ಮುಕ್ಕಾಲು ಒಣಗೋಗಿತ್ತು ಅತ್ತೆ. ಹತ್ತು ಹದಿನೈದು ವರ್ಷದಿಂದ್ಲೇ ನಡೀತಾ ಇರ್ಬೇಕು ಅಂದ್ರು. ಎರಡ್ ಕಣ್ಣೂ ಇದ್ರೆ ಒಂದರ ಕೊರತೆ ಇನ್ನೊಂದು ಮುಚ್ತದಂತೆ, ಅದುಕ್ಕೇ ತಿಳಿಯಾಕಿಲ್ಲ. ರಂಜಿತಕ್ಕನ ಮದ್ವೆ ಒತ್ಗೆ ಎಡಗಡೆಯಂತೂ ಕಾಣ್ತಾನೇ ಇರ್ನಿಲ್ಲ ಅಂತ ಕಾಣ್ತದೆ. ಡಾಕ್ಟ್ರು ಅಂದ ದಿನ ಬಸ್ಸಲ್ಲಿ ಬರ್ತಾ ಅಪ್ಪ ಒಂದೇ ಮಾತಂದ್ರು, ‘ಅಂಗಾರೆ ಅವ್ಳು ವೀಳ್ಯ ಇಡ್ಕಂಡಿದ್ಲೇನೋ ಕಣ್ಲಾ’ ಅಂತ.”

“ಅಂಗಂದ್ರೆ?”

“ಅಲ್ಲೀಗಂಟ ಅಪ್ಪ ಅಂದ್ಕಂಡಿದ್ದು, ನೀವು ವೀಳ್ಯಾನೇ ಕೊಡ್ನಿಲ್ಲ ಅಂತ. ಸೋದರಮಾವಂಗೆ ವೀಳ್ಯ ತಪ್ಪುಸುದ್ರಲ್ಲ ಅಂತ ಮೂರು ದಿವ್ಸ ಸರಿಯಾಗಿ ಉಂಡಿರ್ನಿಲ್ಲ.”

ಆಚೆ ಬೀದಿಯಲ್ಲಿ ಕಬ್ಬಿನ ಗಾಡಿಯೊಂದು ನಿಂತಿತು. ಗಾಡಿಯವನು ಎತ್ತಿನ ಕೊರಳ ಗಂಟೆಯನ್ನು ಕೈಯಲ್ಲಿ ಹಿಡಿದು ಸದ್ದಾಗದಂತೆ ಮನೆ ದಾಟಿಸಿಕೊಂಡು ಹೋದ.

“ಇದು ಒಡಹುಟ್ಟಿದೋರ್ಗೂ ಇರ್ಬೋದು, ತೋರುಸ್ಲೇಬೇಕು ಅಂತ ಡಾಕ್ಟ್ರು ಅಂದಿದ್ರು,” ರಘು ಮುಂದುವರಿಸಿದ. “ಹೋಗಿರೋದು ಬರಾಕಿಲ್ಲ, ಔಷಧಿ ಬುಟ್ಕಂಡ್ರೆ ಇರೋದು ಉಳೀಬೋದು. ಅಪ್ಪ ನಿಮ್ಮೂರಿಗೆ ಬಂದಿದ್ದು ಅದುಕ್ಕೇ ಅತ್ತೆ. ನಾನೋಗಿ ಹೇಳ್ತೀನಿ ಅಂದ್ರೆ ಬುಡ್ನಿಲ್ಲ. ‘ನನ್ ತಂಗಿ, ನಾನೇ ಯೋಳ್ಬೇಕು’ ಅಂದ್ರು.”

*

ಅಣ್ಣ ಬಂದದ್ದು ದ್ಯಾವಮ್ಮನಿಗೆ ಗೊತ್ತಿತ್ತು. ಕೊಟ್ಟಿಗೆಯ ಕಿಂಡಿಯಿಂದ ನೋಡಿದ್ದಳು. ಬೀದಿಯ ನಡುವೆ, ಎರಡು ಹೆಜ್ಜೆಗೊಂದು ಸಲ ಕತ್ತು ಎಡಕ್ಕೆ ಬಲಕ್ಕೆ ತಿರುಗಿಸುತ್ತ ನಡೆದು ಬರುತ್ತಿದ್ದ. ಯಾರಾದರೂ ನೋಡುತ್ತಾರೇನೋ ಎಂದು ನಾಚಿಕೆಪಡುತ್ತಿದ್ದಾನೆ ಅಂದುಕೊಂಡಳು. ಸೊಸೆಯನ್ನು ಕರೆದು, “ನಾನಿಲ್ಲ ಅನ್ನು, ಪ್ಯಾಟೆಗೋಗವ್ರೆ ಅನ್ನು,” ಎಂದು ಹೇಳಿ ಹುಲ್ಲಿನ ಮೆದೆಯ ಹಿಂದೆ ಕೂತಳು. ಹಸು ಅವಳನ್ನೇ ನೋಡುತ್ತ ಮೆಲುಕು ಹಾಕಿತು.

ಜವರಯ್ಯ ಜಗಲಿಯ ಮೇಲೆ ಬಹಳ ಹೊತ್ತು ಕೂತಿದ್ದ. ಸೊಸೆ ಮಜ್ಜಿಗೆ ಕೊಟ್ಟಳು. ಕುಡಿದು ಲೋಟ ಕೆಳಗಿಟ್ಟು, “ನಿಮ್ಮತ್ತೆ ಕೈಕಾಲು ತಣ್ಣಗಿರ್ತವಾ ಮಗ?” ಎಂದು ಕೇಳಿದ.

“ಊಂ ಮಾವ, ಐಸು ಇದ್ದಂಗಿರ್ತವೆ. ಎಮ್ಮೆ ಕೆಚ್ಚಲು ಮುಟ್ಟುದ್ರೆ ಎಮ್ಮೆ ಒದೀತದೆ.”

ಅವನು ನಗಲಿಲ್ಲ. ಇನ್ನೂ ಸ್ವಲ್ಪ ಹೊತ್ತು ಕೂತಿದ್ದು ಎದ್ದು ಹೋದ. ಸಂಜೆ ಸೊಸೆ ಇದನ್ನು ಹೇಳಿದಾಗ ಅತ್ತೆ ಸೊಸೆ ಇಬ್ಬರೂ ಸೇರಿ ನಕ್ಕಿದ್ದರು. ಏಳೆಂಟು ಹರದಾರಿ ಬಂದು ಕೇಳುವ ಮಾತೇ ಇದು ಅಂತ. ಅಣ್ಣನ ಕಣ್ಣು ಹೋಗಿದೆ ಅನ್ನುವ ಸುದ್ದಿ ಅವರಿವರಿಂದ ಅವಳ ಕಿವಿಗೆ ಬಿದ್ದದ್ದು ಆಮೇಲೆ.

*

“ನಮ್ ಸೊಸೆ ಕೈಲಾದ್ರೂ ಯೋಳ್ಬುಟ್ಟು ಓಗ್ಬೋದಿತ್ತಲ್ಲಪ್ಪ,” ಎಂದಳು ದ್ಯಾವಮ್ಮ. ಧ್ವನಿ ಸಣ್ಣಗಿತ್ತು.

“ನಾನೂ ಅದೇ ಬಯ್ದೆ. ಸೊಸೆ ಮುಂದೆ ಯೋಳಾಕಾಯ್ತದೇನ್ಲಾ ಅಂದ್ರು. ಅತ್ತೆ ಕಣ್ಣು ಕಾಣ್ದಂಗಾಯ್ತದೆ ಅಂತ ಗೊತ್ತಾದ್ರೆ ನಾಳಿಕೇ ಹಾಲಿನ ಕ್ಯಾನು ಕಿತ್ಕಂಡು ಮೂಲೇಲಿ ಕೂರುಸ್ಬುಟ್ಟಾರು, ನನ್ ತಂಗಿ ಕೂತುಣ್ಣೋಳಲ್ಲ, ಅಂದ್ರು. ಇನ್ನೊಂದ್ ಸಲ ಹೋಗ್ತೀನಿ, ಹಬ್ಬ ಕಳೀಲಿ, ಆಲೆಮನೆ ಮುಗೀಲಿ ಅಂತ ಅಂಗೇ ಆಗೋಯ್ತು.”

ನಾಗಮಂಗಲದವರ ವ್ಯಾನು ಬಂದಿತು. ಅಳು ಮತ್ತೆ ಎದ್ದಿತು. ಜವರಯ್ಯನಿಗೆ ಸ್ನಾನ ಮಾಡಿಸಿ ಹೊಸ ಪಂಚೆ ಉಡಿಸಿದರು. ಹೊರಡುವ ಮುಂಚೆ ಬಾಯಿಗೆ ಕುಟ್ಟಿದ ಎಲೆಯಡಿಕೆ ಇಡಬೇಕು. ಜಯಲಕ್ಷ್ಮಮ್ಮ ಕಲ್ಲಲ್ಲಿ ಕುಟ್ಟಿ ತಂದು, ಯಾರ ಕೈಗೆ ಕೊಡಲಿ ಎಂದು ನೋಡಿದಳು. ಮೊದಲು ಮಗನ ಕಡೆ ನೀಡಿದಳು. ಪುಟ್ಟಲಕ್ಷ್ಮಮ್ಮ ಅವಳ ಮೊಣಕೈ ಹಿಡಿದು ದ್ಯಾವಮ್ಮನ ಕಡೆಗೆ ತಿರುಗಿಸಿದಳು.

ದ್ಯಾವಮ್ಮ ಅಣ್ಣನ ಎದುರಿಗೆ, ಸರಿಯಾಗಿ ಮುಖದ ನೇರಕ್ಕೆ ಬಂದು ನಿಂತಳು. ಬೆರಳಲ್ಲಿ ತೆಗೆದುಕೊಂಡು ತುಟಿಗಳ ನಡುವೆ ಇಟ್ಟಳು. ಅವನ ಗಲ್ಲಕ್ಕೆ ತಗುಲಿದ ಅವಳ ಬೆರಳೂ ಅಷ್ಟೇ ತಣ್ಣಗಿತ್ತು.

“ಸುಣ್ಣ ಒಂಚೂರು ಮುಂದಾಗ್ಬೇಕು ಅವ್ನಿಗೆ,” ಎಂದ ಹಿಂದಿನಿಂದ ನಂಜಪ್ಪ. “ಸಪ್ಪೆ ಎಲೆ ಉಗುದ್ಬುಡೋನು.”

ಯಾರೋ ನಕ್ಕರು, ನಕ್ಕವರೇ ಅತ್ತರು. ದ್ಯಾವಮ್ಮ ಉಗುರಿನ ತುದಿಯಲ್ಲಿ ಇನ್ನಷ್ಟು ಸುಣ್ಣ ತೆಗೆದು ಹಚ್ಚಿದಳು.

ಆಲೆಮನೆಯ ಪಕ್ಕದ ಸ್ವಂತ ಹೊಲದಲ್ಲಿ ಗುಣಿ ತೋಡಿದ್ದರು. ಅವತ್ತು ಒಲೆ ಹಚ್ಚಿರಲಿಲ್ಲ. ಅರ್ಧ ಅರೆದ ಕಬ್ಬು ಗಾಣದ ಬಾಯಲ್ಲೇ ಇತ್ತು. ಒಬ್ಬೊಬ್ಬರೂ ಮೂರು ಹಿಡಿ ಮಣ್ಣು ಹಾಕಿ, ನಾಲೆಯಲ್ಲಿ ಕಾಲು ತೊಳೆದು, ಹಿಂತಿರುಗಿ ನೋಡದೆ ಊರ ಕಡೆ ನಡೆದರು.

*

ದೀಪ ನೋಡಿಕೊಂಡು ಹೋಗುವವರು ಬಂದು ಹೋಗುತ್ತಿದ್ದರು. ಜವರಯ್ಯ ಮಲಗುತ್ತಿದ್ದ ಜಾಗವನ್ನು ಸಾರಿಸಿ ಅಲ್ಲೊಂದು ಹಣತೆ ಹಚ್ಚಿಟ್ಟಿದ್ದರು. ಒಳಗೆ ಬಂದು, ದೀಪ ನೋಡಿ, ಕೈಮುಗಿದು, ಮಾತಾಡದೆ ಹೋಗಬೇಕು. ನಂಜಪ್ಪ ಕೂಡ ಮಾತಾಡದೆ ಹೋದ. ಹೊತ್ತು ಮುಳುಗುವ ಹೊತ್ತಿಗೆ ನಡುಮನೆಯಲ್ಲಿ ಮೂರೇ ಜನ. ದ್ಯಾವಮ್ಮ ದೀಪದ ಎದುರು ಕೂತಿದ್ದಳು. ಅವಳ ಎಡಕ್ಕೆ, ಗೋಡೆಗೆ ಒರಗಿ ಪುಟ್ಟಲಕ್ಷ್ಮಮ್ಮ. ಬಾಗಿಲ ಬಳಿ ರಘು.

ದ್ಯಾವಮ್ಮ ಮುಖದ ಮೇಲೆ ಸೆರಗು ಎಳೆದುಕೊಂಡಳು, ಅಳುವವಳ ಹಾಗೆ. ಸೆರಗಿನ ಮರೆಯಲ್ಲಿ ಅಂಗೈಯಿಂದ ಬಲಗಣ್ಣು ಮುಚ್ಚಿದಳು. ದೀಪದ ಕುಡಿಯನ್ನೇ ನೋಡಿದಳು. ಕುಡಿ ಚೆನ್ನಾಗಿ ಕಂಡಿತು, ಬತ್ತಿಯ ಕಪ್ಪು ತುದಿ ಕೂಡ. ಅತ್ತಿಗೆ ಇರಲಿಲ್ಲ. ಕತ್ತಲೆ ಕವಿದ ಹಾಗೇನೂ ಅಲ್ಲ. ಗೋಡೆ ಇತ್ತು, ಗೋಡೆಯ ಮುಂದೆ ಯಾರೂ ಕೂತಿಲ್ಲದ ಹಾಗೆ ಇತ್ತು. ಕತ್ತು ತಿರುಗಿಸಿದಳು. ಪುಟ್ಟಲಕ್ಷ್ಮಮ್ಮ ಅಲ್ಲೇ ಕೂತು ಅವಳನ್ನೇ ನೋಡುತ್ತಿದ್ದಳು.

ಮದುವೆಯ ದಿನ ಕಂಬದ ಪಕ್ಕ ತಾನು ಅಣ್ಣನಿಗೆ ಹೀಗೆ ಕಂಡಿರಬೇಕು. ಕಂಬ ಇತ್ತು, ತಾನು ಇರಲಿಲ್ಲ.

“ಅತ್ಗೆ,” ಎಂದಳು. “ಅವತ್ತು ಛತ್ರದಲ್ಲಿ ನಾನೊಂದು ಮಾತಂದೆ.”

“ಗೊತ್ತು.”

“ಏನಂತ ಗೊತ್ತು?”

“ಕಣ್ಣು ಕಾಣ್ದಂಗೋಗ್ಲಿ ಅಂದೆ. ಅಡ್ಗೆಯೋರಲ್ಲಿ ಒಬ್ಬಳು ನಮ್ಮೂರೋಳೇ ಇದ್ಲು ಕಣವ್ವ, ಮಾರ್ನೆ ದಿವ್ಸಾನೇ ಬಂದು ಒಪ್ಪುಸುದ್ಲು. ಯಾಕಂದ್ಯೋ ಅದು ಅವ್ಳಿಗೂ ಗೊತ್ತಿರ್ನಿಲ್ಲ.”

“ಅಣ್ಣಂಗೂ?”

“ನಿಮ್ಮಣ್ಣನ ಮುಂದೇನೇ ಯೋಳುದ್ಲು.” ಪುಟ್ಟಲಕ್ಷ್ಮಮ್ಮ ಸೆರಗಿನಿಂದ ಮೂಗು ಒರೆಸಿಕೊಂಡಳು. “ಆವತ್ತು ಸುಮ್ಕಿದ್ರು. ಮೈಸೂರಿಂದ ಬಂದ್ಮೇಲೆ ನಾನೇ ಕೇಳ್ದೆ, ಅವ್ಳ ಮಾತು ತಟ್ತೇನೋ ಅಂತ. ನಕ್ಬುಟ್ರು. ಚಿಕ್ಕೋಳಿದ್ದಾಗ ದಿವ್ಸಕ್ಕೆ ಹತ್ತು ಸಲ ನೀನ್ ಬಿದ್ದೋಗ, ನಿನ್ ಕೈ ಸೇದೋಗ ಅಂತಿದ್ಲು, ಅವ್ಳ ಬಾಯಿಗೆ ಆಪಾಟಿ ಸಕ್ತಿ ಇದ್ದಿದ್ರೆ ನಾನು ನಿನ್ನ ಕಟ್ಕಳೋಕ್ ಮುಂಚೇನೇ ಮಣ್ಣಾಗ್ಬೇಕಿತ್ತು, ಅಂದ್ರು.”

ದ್ಯಾವಮ್ಮನಿಗೆ ನಗು ಬಂತು. ನಗು ಅರ್ಧಕ್ಕೇ ತುಂಡಾಯಿತು. ಆಮೇಲೆ ಬೆಳಗಿನಿಂದ ಬಾರದ ಅಳು ಬಂತು, ಭುಜ ಕುಲುಕಿಸಿಕೊಂಡು. ಅತ್ತಿಗೆ ಅವಳನ್ನು ತಡೆಯಲಿಲ್ಲ. ರಘು ಎದ್ದು ದೀಪಕ್ಕೆ ಎಣ್ಣೆ ಹಾಕಿ ಮತ್ತೆ ಬಾಗಿಲಿಗೆ ಹೋಗಿ ಕೂತ.

ಅಳು ನಿಂತ ಮೇಲೆ ದ್ಯಾವಮ್ಮ ಮೂಗು ಸೀಟಿ, ಸೀರೆ ಸರಿ ಮಾಡಿಕೊಂಡಳು.

“ರಘು.”

“ಅತ್ತೆ.”

“ಆ ಮೈಸೂರು ಡಾಕ್ಟ್ರು ಈಗ್ಲೂ ಅವ್ರಾ?”

“ಅವ್ರೆ. ಯಾಕತ್ತೆ?”

“ಅಣ್ಣನ ಹಾಲುತುಪ್ಪದ ಕಾರ್ಯ ಮುಗ್ದ ಮಾರ್ನೆ ದಿವ್ಸ ನನ್ನ ಕರ್ಕಂಡೋಗು. ನಮ್ ಸಿದ್ದರಾಜುಗೆ ನಾನೇ ಯೋಳ್ತೀನಿ. ಅವ್ನ ಹೆಂಡ್ತಿಗೂ ಯೋಳ್ತೀನಿ, ಕ್ಯಾನು ಕಿತ್ಕಂಡ್ರೆ ಆಮೇಲೆ ನೋಡ್ಕಳಾನ.”

ರಘು ತಾಯಿಯ ಮುಖ ನೋಡಿದ. “ಎಷ್ಟು ದಿವ್ಸದಿಂದ ಅತ್ತೆ?”

“ಬೆಳಿಗ್ಗೆ ಬಿಂದ್ಗೆ ಒದ್ದೋಳು ನಾನಲ್ವಾ,” ಎಂದಳು ದ್ಯಾವಮ್ಮ.

“ನಂಗಾಗ್ಲೇ ಅನ್ನುಸ್ತು,” ಎಂದಳು ಪುಟ್ಟಲಕ್ಷ್ಮಮ್ಮ. “ಏಳು. ಜಯಲಕ್ಷ್ಮಮ್ಮ ಮುದ್ದೆ ತಂದಿಟ್ಟೋಗವ್ಳೆ. ಕೈಕಾಲು ತೊಳ್ಕಂಡು ಬರಾನ.”

ಇಬ್ಬರೂ ಎದ್ದು ಹಿತ್ತಲ ಬಾಗಿಲಿಂದ ಹೊರಗೆ ಬಂದರು. ಇನ್ನೂ ಪೂರ್ತಿ ಕತ್ತಲಾಗಿರಲಿಲ್ಲ. ಬಚ್ಚಲ ತನಕ ಕಲ್ಲು ಹಾಸಿನ ಸಣ್ಣ ದಾರಿ, ಅದರ ಎಡಕ್ಕೆ ಗೊಬ್ಬರದ ಗುಂಡಿ. ಪುಟ್ಟಲಕ್ಷ್ಮಮ್ಮ ನಾದಿನಿಯ ಬಲಗಡೆ ನಡೆಯುತ್ತಿದ್ದಳು. ನಾಲ್ಕು ಹೆಜ್ಜೆ ಹೋದವಳು ನಿಂತಳು. ದ್ಯಾವಮ್ಮನ ಹಿಂದಿನಿಂದ ಬಳಸಿ ಎಡಗಡೆಗೆ ಬಂದು, ಭುಜಕ್ಕೆ ಭುಜ ತಾಗಿಸಿಕೊಂಡು, ಗಂಡನನ್ನು ನಡೆಸಿದ ಮೂರು ವರ್ಷದ ರೂಢಿಯಲ್ಲಿ ಗುಂಡಿಯ ಅಂಚಿನ ಮೇಲೆ ತಾನು ನಡೆಯತೊಡಗಿದಳು.